ವಿಜ್ಞಾನದ ಪಂದ್ಯ ರಸಬಾಳೆಯ ತೋಟದಲ್ಲಿ ನಡೆಯಲಿ

ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗಳು ಈಚೆಗೆ ಒಂದು ತಾಂತ್ರಿಕ ಸ್ಪರ್ಧೆಗೆ ಹೋಗಿ, ಎರಡು ರಾತ್ರಿ ನಿದ್ದೆಗೆಟ್ಟು, ನಂಜನಗೂಡಿನ ನಮ್ಮ ಮನೆಗೆ ಬಂದಿಳಿದಳು. ಅವಳ ತಂಡಕ್ಕೆ ಬಹುಮಾನ ಬಂದಿತ್ತು, ಮನೆಮಂದಿಗೆಲ್ಲ ಹಿಗ್ಗು. ಊಟವಾದ ಮೇಲೆ, ಮೇಷ್ಟರ ಹಳೆಯ ಚಾಳಿ ಬಿಡಲಾರದೆ, "ನಿಮ್ಮ ತಂತ್ರಾಂಶ ಎಲ್ಲೆಲ್ಲಿ ಕೈಕೊಟ್ಟಿತಮ್ಮ?" ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು. "ಕೈಕೊಡೋದನ್ನ ಯಾರಾದ್ರೂ ತೋರಿಸ್ತಾರಾ ತಾತ? ಕೆಲಸ ಮಾಡೋವಷ್ಟನ್ನೇ ತೋರಿಸಿದ್ವಿ" ಎಂದಳು.

ಆ ಮಾತು ನನ್ನನ್ನು ತೊಂಬತ್ತರ ದಶಕಕ್ಕೆ ಎಳೆದೊಯ್ದಿತು. ಆಗ ನಾನು ಟಿ. ನರಸೀಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕ. ಕಾವೇರಿಗೆ ಕಪಿಲೆ ಬಂದು ಸೇರುವ ಊರದು. ನನ್ನ ವಿದ್ಯಾರ್ಥಿಯೊಬ್ಬನಿಗೆ ಒಂದು ಸಂದೇಹ ಹುಟ್ಟಿತು: ಎರಡು ನದಿಗಳ ನೀರು ಪೈರಿಗೆ ಒಂದೇ ಬಗೆಯದೋ, ಬೇರೆಯೋ? ಸಂಗಮಕ್ಕೆ ಮುಂಚೆ ಎರಡೂ ಹೊಳೆಗಳಿಂದ, ಸಂಗಮದ ಬಳಿಕ ಮತ್ತೊಂದೆಡೆಯಿಂದ ನೀರು ತಂದು, ಮೂರು ಸಾಲು ಕುಂಡಗಳಲ್ಲಿ ಹೆಸರುಕಾಳು ಬಿತ್ತಿ, ಮೂರು ವಾರ ದಿನವೂ ಎತ್ತರ ಅಳೆದು ಬರೆದ. ವ್ಯತ್ಯಾಸವೇನೂ ಕಾಣಲಿಲ್ಲ. ಹಾಗೆಂದೇ ಬರೆದು, ನಾವಿಬ್ಬರೂ ಸ್ಪರ್ಧೆಗೆ ಹೋದೆವು. ಬಹುಮಾನ ಹೋದದ್ದು ಕೆಂಪು ಹೊಗೆ ಕಾರುವ ಜ್ವಾಲಾಮುಖಿಯ ಮಾದರಿಗೆ. ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗ ಕೇಳಿದ: "ಸಾ, ಒಂದು ಸಾಲು ಎರಡಿಂಚು ಜಾಸ್ತಿ ಅಂತ ಬರ್ಕೊಂಡಿದ್ರೆ ಬೌಮಾನ ಬರ್ತಿತ್ತಾ?"

ನಾನು ಉತ್ತರಿಸಲಿಲ್ಲ. "ಬರುತ್ತಿತ್ತೇನೋ" ಎಂಬುದೇ ನಿಜವಾದ ಉತ್ತರವಾಗಿತ್ತು; ಅದನ್ನು ಹೇಳಲು ನಾಲಗೆ ಏಳಲಿಲ್ಲ.

ಸ್ಪರ್ಧೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2017ರಲ್ಲಿ ಆರಂಭವಾದ 'ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್'ನಲ್ಲಿ ಸರ್ಕಾರದ ಇಲಾಖೆಗಳು ಮುಂದಿಡುವ ಸಮಸ್ಯೆಗಳನ್ನು ವಿದ್ಯಾರ್ಥಿಗಳು ಆರಾರು ಮಂದಿಯ ತಂಡ ಕಟ್ಟಿಕೊಂಡು, 36 ಗಂಟೆ ಎಡೆಬಿಡದೆ ಕುಳಿತು ಬಿಡಿಸಲು ಹೆಣಗುತ್ತಾರೆ. ತಂಡದಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕೆಂಬ ನಿಯಮವೂ ಉಂಟು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ 36 ಗಂಟೆಗಳಲ್ಲಿ ಒಂದು ತಂತ್ರಾಂಶ ಸಿದ್ಧವಾದೀತು. ನೆಟ್ಟ ಬಾಳೆಯ ಕಂದು ಒಂದು ಸುಳಿಯನ್ನೂ ಬಿಚ್ಚದು. ವಿಶ್ವವಿದ್ಯಾಲಯಗಳ ಸಂಶೋಧಕರು ಜನರ ಕಣ್ಣೆದುರು ಸೆಣಸಬೇಕು, ಗೆಲುವಿನಂತೆ ಸೋಲೂ ಅಲ್ಲಿ ಎಲ್ಲರಿಗೆ ಕಾಣಬೇಕು ಎಂಬುದು ನನ್ನ ವಾದ.

ಅಂಥ ಪಂದ್ಯ ನಡೆದ ಉದಾಹರಣೆ ಇದೆ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾ, ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಂಡು ಓಡುವ ವಾಹನಗಳಿಗೆ ಪಂದ್ಯವೊಂದನ್ನು ಏರ್ಪಡಿಸಿತು. 2004ರ ಮಾರ್ಚ್ 13ರಂದು ಮೊಹಾವಿ ಮರುಭೂಮಿಯಲ್ಲಿ ಸುಮಾರು 230 ಕಿಲೋಮೀಟರುಗಳ ದಾರಿ. 10 ಲಕ್ಷ ಡಾಲರುಗಳ ಬಹುಮಾನ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಾಹನವೇ ಎಲ್ಲಕ್ಕಿಂತ ಮುಂದೆ ಹೋದದ್ದು. ಎಷ್ಟು ದೂರ? 12 ಕಿಲೋಮೀಟರಿಗೂ ತುಸು ಕಡಿಮೆ! ನಂಜನಗೂಡಿನಿಂದ ಮೈಸೂರಿಗೆ ಹೊರಟವನು ಅರ್ಧ ದಾರಿಯಲ್ಲೇ ನಿಂತಂತೆ. ಬಹುಮಾನವನ್ನು ಯಾರಿಗೂ ಕೊಡಲಿಲ್ಲ. ಲೋಕವೆಲ್ಲ ನೋಡಿ ನಕ್ಕಿತು. ಆದರೆ ಯಾರ ವಾಹನ ಎಲ್ಲಿ, ಏತಕ್ಕೆ ನಿಂತಿತೆಂಬುದು ಎಲ್ಲರಿಗೂ ತಿಳಿದುಹೋಗಿತ್ತು. ಮರುವರ್ಷ, 2005ರ ಅಕ್ಟೋಬರ್ 8ರಂದು, ಸುಮಾರು 212 ಕಿಲೋಮೀಟರುಗಳ ದಾರಿಯನ್ನು ಐದು ವಾಹನಗಳು ಮುಗಿಸಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಗೆದ್ದಿತು. ಮೊದಲ ವರ್ಷದ ಸೋಲನ್ನು ಮುಚ್ಚಿಟ್ಟಿದ್ದರೆ ಎರಡನೆಯ ವರ್ಷದ ಗೆಲುವು ಅಷ್ಟು ಬೇಗ ಬರುತ್ತಿತ್ತೆ?

ಹಾಗೆಂದು ಬಯಲಿನಲ್ಲಿ ಫಲಿತಾಂಶ ತೋರಿಸಿದರಷ್ಟೇ ಸಾಲದು. 1881ರಲ್ಲಿ ಫ್ರಾನ್ಸಿನ ಪುಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ಲೂಯಿ ಪಾಶ್ಚರ್ ಬಹಿರಂಗವಾಗಿಯೇ ಪರೀಕ್ಷೆಗೆ ನಿಂತರು. 24 ಕುರಿಗಳಿಗೆ ನೆರಡಿ ರೋಗದ ಲಸಿಕೆ ಹಾಕಿ, 24ಕ್ಕೆ ಹಾಕದೆ ಬಿಟ್ಟು, ಬಳಿಕ ಎಲ್ಲಕ್ಕೂ ರೋಗಾಣುಗಳನ್ನು ಚುಚ್ಚಿದರು. ಲಸಿಕೆಯಿಲ್ಲದ ಕುರಿಗಳೆಲ್ಲ ಸತ್ತವು; ಲಸಿಕೆ ಪಡೆದವು ಮೇಯುತ್ತ ನಿಂತಿದ್ದವು. ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಆ ಲಸಿಕೆ ತಯಾರಾದದ್ದು ಜನ ನಂಬಿದ್ದ ವಿಧಾನದಿಂದಲ್ಲ, ಅವರ ಸಹಾಯಕರ ಬೇರೊಂದು ರಾಸಾಯನಿಕ ವಿಧಾನದಿಂದ ಎಂಬುದನ್ನು ಪಾಶ್ಚರರ ಟಿಪ್ಪಣಿ ಪುಸ್ತಕಗಳ ಆಧಾರದಿಂದ ಇತಿಹಾಸಕಾರ ಜೆರಾಲ್ಡ್ ಗೈಸನ್ 1995ರಲ್ಲಿ ವಿವರವಾಗಿ ಬರೆದರು. ಆದ್ದರಿಂದ ಫಲಿತಾಂಶದೊಡನೆ ಪ್ರಯೋಗದ ದಿನಚರಿಯೂ ಬಯಲಾಗಬೇಕು.

ಇನ್ನು ನಮ್ಮೂರಿಗೆ ಬರುತ್ತೇನೆ. ನಂಜನಗೂಡಿನ ರಸಬಾಳೆಯ ಹೆಸರು ಕೇಳದವರಿಲ್ಲ. ಭೌಗೋಳಿಕ ಸೂಚಿಕೆಯ ಮನ್ನಣೆಯೂ ಅದಕ್ಕಿದೆ. ಆದರೆ ಮನ್ನಣೆಯ ಪತ್ರ ಗಿಡವನ್ನು ಉಳಿಸದು. ನಮ್ಮ ತಂದೆಯವರ ಅರ್ಧ ಎಕರೆ ತೋಟ ಪನಾಮಾ ಸೊರಗು ರೋಗಕ್ಕೆ ತುತ್ತಾದುದನ್ನು ನಾನು ಕಣ್ಣಾರೆ ಕಂಡೆ. ಮೊದಲು ಕೆಳಗಿನ ಎಲೆಗಳು ಹಳದಿಯಾದವು, ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬಿದ್ದವು, ದಿಂಡು ಸೀಳಿತು, ಕಡಿದು ನೋಡಿದರೆ ಒಳಗೆಲ್ಲ ಕಂದು ಗೆರೆಗಳು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನೇ ಕಟ್ಟಿಹಾಕುತ್ತದೆ. ಮಣ್ಣಿನಲ್ಲಿ ಅದು ದಶಕಗಟ್ಟಲೆ ಬದುಕಿರಬಲ್ಲದು. ಅಂಗಾಂಶ ಕೃಷಿಯ ಶುದ್ಧ ಸಸಿ ತಂದು ನೆಟ್ಟರೂ ಆ ಮಣ್ಣು ಅದನ್ನು ಮತ್ತೆ ಹಿಡಿಯುತ್ತದೆ. ತಂದೆಯವರು ಎರಡು ಬಾರಿ ನೆಟ್ಟರು. ಮೂರನೆಯ ಬಾರಿ ಹಿಪ್ಪುನೇರಳೆ ಹಾಕಿದರು.

ಪಂದ್ಯ ಇಲ್ಲಿ ನಡೆಯಲಿ ಎಂಬುದು ನನ್ನ ಸಲಹೆ. ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದೊಂದು ತಂಡ ಕಟ್ಟಲಿ. ಈಗಾಗಲೇ ರೋಗ ಹೊಕ್ಕಿರುವ ನೆಲವನ್ನೇ ಆರಿಸಿ, ಯಾರಿಗೆ ಯಾವ ತುಂಡೆಂಬುದನ್ನು ಚೀಟಿ ಎತ್ತಿ ಹಂಚಲಿ. ಒಬ್ಬರು ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರವನ್ನು ಮಣ್ಣಿಗೆ ಸೇರಿಸಲಿ. ಇನ್ನೊಬ್ಬರು ನರಸೀಪುರದ ನಾಲೆಯ ಬಯಲಿನಂತೆ ಮೊದಲು ನೀರು ನಿಲ್ಲಿಸಿ ಭತ್ತ ಬೆಳೆದು, ಬಳಿಕ ಬಾಳೆ ನೆಡಲಿ. ಮತ್ತೊಬ್ಬರು ರೋಗ ತಡೆಯುವ ಸಸಿಗಳನ್ನು ಆರಿಸಿ ತರಲಿ. ಪಕ್ಕದಲ್ಲಿ ಏನೂ ಮಾಡದೆ ಬಿಟ್ಟ ಸಾಲೊಂದು ಇರಲೇಬೇಕು. ಅದಿಲ್ಲದೆ ಹೋಲಿಕೆಗೆ ಅರ್ಥವಿಲ್ಲ. ಸತ್ತ ಗಿಡಗಳನ್ನು ರೈತರು ಎಣಿಸಿ, ಲೆಕ್ಕವನ್ನು ತಿಂಗಳಿಗೊಮ್ಮೆ ಪಂಚಾಯಿತಿಯ ಫಲಕದಲ್ಲಿ ಬರೆಯಲಿ. ನೋಡಲು ಹೋದವರ ಕಾಲಿನ ಮಣ್ಣಿನೊಡನೆ ರೋಗ ಹೊರಗೆ ಹೋಗದಂತೆ ಬೇಲಿಯ ಹೊರಗಿನಿಂದಲೇ ನೋಡುವ ಏರ್ಪಾಡಿರಲಿ. ನೆಲ ಕೊಟ್ಟ ರೈತನ ನಷ್ಟವನ್ನು ಮೊದಲೇ ಕಟ್ಟಿಕೊಡಲಿ. ಮೂರು ಬೆಳೆ ಮುಗಿಯುವವರೆಗೆ ಯಾರನ್ನೂ ಗೆದ್ದವರೆಂದು ಸಾರುವುದು ಬೇಡ. ಯಾರೂ ಗೆಲ್ಲದಿದ್ದರೆ ಬಹುಮಾನವೂ ಬೇಡ. ದಿನಚರಿ ಮಾತ್ರ ಅಚ್ಚಾಗಲಿ.

ವಿಜ್ಞಾನವೇನು ಕುಸ್ತಿಯೇ, ಅದು ಸಹಕಾರದಿಂದ ಬೆಳೆಯುವ ವಿದ್ಯೆಯಲ್ಲವೇ ಎಂದು ಬಲ್ಲವರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಪೈಪೋಟಿ ಹೆಚ್ಚಿದರೆ ಗುಟ್ಟು ಮಾಡುವ ಬುದ್ಧಿಯೂ ಹೆಚ್ಚೀತು. ಆದುದರಿಂದಲೇ ದಿನಚರಿ ಬಚ್ಚಿಟ್ಟವರು ಸೋತಂತೆ ಎಂಬ ನಿಯಮ ಬೇಕು. ಕುಸ್ತಿಯ ಹೋಲಿಕೆಯೂ ತೀರ ತಪ್ಪಲ್ಲ. ಸುತ್ತೂರು ಜಾತ್ರೆಯ ಅಖಾಡದಲ್ಲಿ ಯಾರ ಬೆನ್ನು ಮಣ್ಣು ಮುಟ್ಟಿತೆಂಬುದನ್ನು ಸಾವಿರಾರು ಕಣ್ಣುಗಳು ನೋಡುತ್ತವೆ. ಬಿದ್ದವನು ಮೈಕೊಡವಿಕೊಂಡು ಎದ್ದು ಕೈಕುಲುಕುತ್ತಾನೆ. ಮುಂದಿನ ವರ್ಷ ಮತ್ತೆ ಬರುತ್ತಾನೆ. ಬಿದ್ದದ್ದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ.

ನಮ್ಮ ಶಾಲೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಆ ನಿರ್ಭಯ ಇಲ್ಲ. ಹೆಸರುಕಾಳಿನ ಆ ಹುಡುಗನಿಗೆ ಅಂದು ಬಸ್ಸಿನಲ್ಲಿ ನಾನು ಹೇಳಬೇಕಾಗಿದ್ದ ಮಾತನ್ನು ಇಂದು ಹೇಳುತ್ತೇನೆ: "ವ್ಯತ್ಯಾಸವಿಲ್ಲ ಎಂದು ನೀನು ಬರೆದದ್ದೇ ವಿಜ್ಞಾನ ಕಣಪ್ಪ. ಬಹುಮಾನ ಕೊಡಲು ನಮಗೆ ತಿಳಿಯಲಿಲ್ಲ." ಅವನೀಗ ಎಲ್ಲಿರುವನೋ, ಈ ಬರಹ ಅವನ ಕಣ್ಣಿಗೆ ಬಿದ್ದರೆ ನನಗದೇ ಸಂತೋಷ.

ಮೊಮ್ಮಗಳು ಮುಂದಿನ ತಿಂಗಳು ಮತ್ತೊಂದು ಸ್ಪರ್ಧೆಗೆ ಹೋಗುವವಳಿದ್ದಾಳೆ. ಕೈಕೊಟ್ಟ ಭಾಗಕ್ಕೂ ಒಂದು ಪುಟ ಮೀಸಲಿಡುವೆನೆಂದು ಮಾತು ಕೊಟ್ಟಿದ್ದಾಳೆ. ಬಹುಮಾನ ತಪ್ಪಿದರೆ ತಾತನೇ ಹೊಣೆಯಂತೆ! ಹೊಣೆ ಹೊರಲು ನಾನು ಸಿದ್ಧ. ಓದುಗ ಮಿತ್ರರೇ, ತಾವೇನೆನ್ನುತ್ತೀರಿ?