ನರಕೋಶದ ಹೆಸರಿನಲ್ಲಿ ಭರವಸೆಯ ಮಾರಾಟ

ಚರ್ಮದ ಚೂರಿನಿಂದ, ಒಂದಿಷ್ಟು ರಕ್ತದಿಂದ ಮನುಷ್ಯನ ನರಕೋಶ ಬೆಳೆಸುವುದು ಇಂದು ಪ್ರಯೋಗಾಲಯಗಳ ನಿತ್ಯದ ಕೆಲಸ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಚರ್ಮಕೋಶವನ್ನು ಆಕರಕೋಶದ (ಸ್ಟೆಮ್ ಸೆಲ್) ಸ್ಥಿತಿಗೆ ಮರಳಿಸಿದ ಮೇಲೆ ಈ ದಾರಿ ತೆರೆಯಿತು. ಬೆಂಗಳೂರಿನಲ್ಲಿಯೂ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಒಟ್ಟಾಗಿ ತೀವ್ರ ಮನೋರೋಗದ ಮೂಲವನ್ನು ಹೀಗೆ ಬೆಳೆಸಿದ ಕೋಶಗಳಲ್ಲಿ ಹುಡುಕುತ್ತಾ ಬಂದಿವೆ. ಈ ವಿಜ್ಞಾನದ ಹೆಸರು ಹೇಳಿಕೊಂಡು ಆಟಿಸಂಗೆ, ಬೆನ್ನುಹುರಿಯ ಪೆಟ್ಟಿಗೆ ‘ಸ್ಟೆಮ್ ಸೆಲ್ ಚಿಕಿತ್ಸೆ’ ಮಾರುವ ಕ್ಲಿನಿಕ್‌ಗಳನ್ನು ಮುಚ್ಚಿಸಬೇಕು.

ಪ್ರಯೋಗಾಲಯದ ಕೋಶಕ್ಕೂ ಕ್ಲಿನಿಕ್‌ನ ಸಿರಿಂಜಿನಲ್ಲಿರುವುದಕ್ಕೂ ಸಂಬಂಧವೇ ಇಲ್ಲ. ಪ್ರಯೋಗಾಲಯದಲ್ಲಿ ನರಕೋಶ ರೂಪುಗೊಳ್ಳಲು ವಾರಗಳು, ಬಲಿಯಲು ತಿಂಗಳುಗಳು ಬೇಕು. ಆಕರಕೋಶವಾಗುವಾಗ ಹಳೆಯ ಕೋಶದ ವಯಸ್ಸು ಅಳಿಸಿಹೋಗುವುದರಿಂದ, ಅದರಿಂದ ಬೆಳೆದ ನರಕೋಶ ಬಹುಮಟ್ಟಿಗೆ ಭ್ರೂಣದ ಕೋಶವನ್ನೇ ಹೋಲುತ್ತದೆ. ಅದನ್ನು ವಯಸ್ಕರ ಕೋಶದ ಮಟ್ಟಕ್ಕೆ ತರುವುದು ನುರಿತವರಿಗೂ ಇನ್ನೂ ಕಷ್ಟ. ಕ್ಲಿನಿಕ್‌ಗಳು ಸಾಮಾನ್ಯವಾಗಿ ಚುಚ್ಚುವುದು ಅಸ್ಥಿಮಜ್ಜೆಯ ಅಥವಾ ಹೊಕ್ಕುಳಬಳ್ಳಿಯ ಕೋಶಗಳನ್ನು. ಇವು ಮೆದುಳಿನಲ್ಲಿ ಕೆಲಸ ಮಾಡುವ ನರಕೋಶಗಳಾಗುತ್ತವೆ ಎನ್ನಲು ನಂಬಬಹುದಾದ ಆಧಾರವಿಲ್ಲ. ನಿಜವಾದ ಪರೀಕ್ಷೆ ಹೇಗಿರುತ್ತದೆಂದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ ತೋರಿಸಿದೆ. ಪಾರ್ಕಿನ್ಸನ್ ಇದ್ದ ಏಳು ಮಂದಿಯ ಮೆದುಳಿಗೆ ಡೋಪಮೈನ್ ನರಕೋಶಗಳಾಗಬಲ್ಲ ಎಳೆಯ ಕೋಶಗಳನ್ನು ಸೇರಿಸಿ, ಎರಡು ವರ್ಷ ಕಾದು ನೋಡಿದರು. 2018ರಲ್ಲಿ ಶುರುವಾದ ಆ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2025ರಲ್ಲಿ. ಪರಿಣಾಮ ಅಳೆದ ಆರು ಮಂದಿಯಲ್ಲಿ ನಾಲ್ವರ ಚಲನೆ ಸುಧಾರಿಸಿತ್ತು. ಅಷ್ಟಾದರೂ ಇದು ಆರಂಭದ ಹೆಜ್ಜೆ ಮಾತ್ರ.

ಬೇರೆ ದಾರಿಯೇ ಇಲ್ಲದ ತಂದೆತಾಯಿ ಪ್ರಯತ್ನಿಸಿ ನೋಡಿದರೆ ತಪ್ಪೇನು, ತನ್ನದೇ ಕೋಶದಿಂದ ಅಪಾಯವೇನು ಎಂದು ಕೇಳುವವರಿದ್ದಾರೆ. ಪೋರ್ಚುಗಲ್‌ನಲ್ಲಿ ಮೂಗಿನೊಳಗಿನ ತನ್ನದೇ ಅಂಗಾಂಶವನ್ನು ಗಾಯಗೊಂಡ ಬೆನ್ನುಹುರಿಗೆ ಸೇರಿಸಿಕೊಂಡ ಯುವತಿಗೆ ಎಂಟು ವರ್ಷಗಳ ನಂತರ ಅಲ್ಲಿಯೇ ಲೋಳೆ ಸುರಿಸುವ ಗೆಡ್ಡೆ ಬೆಳೆದಿತ್ತು. ತಂದೆತಾಯಿಯ ಹತಾಶೆ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಅದಕ್ಕಾಗಿಯೇ ಅದರ ಮೇಲೆ ಬೆಲೆಪಟ್ಟಿ ಹಚ್ಚುವುದು ಕ್ರೌರ್ಯ. ಕಟ್ಟುಪಾಡಿನಿಂದ ಸಂಶೋಧನೆ ನಿಧಾನವಾಗುತ್ತದೆ ಎಂಬ ವಾದವೂ ನಿಲ್ಲದು. ಹಣ ಪಡೆದು, ಹೋಲಿಕೆಯ ಗುಂಪಿಲ್ಲದೆ, ಫಲಿತಾಂಶ ಪ್ರಕಟಿಸದೆ ಕೊಡುವ ಚುಚ್ಚುಮದ್ದಿನಿಂದ ವಿಜ್ಞಾನ ಏನನ್ನೂ ಕಲಿಯುವುದಿಲ್ಲ. ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆ ಕಸಿಯನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ಆಕರಕೋಶ ಬಳಸಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ 2017ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಗಳ ನೋಂದಣಿ ರದ್ದುಪಡಿಸುವ ಅಧಿಕಾರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಲ್ಲಿದೆ. ರಾಜ್ಯ ಸರ್ಕಾರ ಅದನ್ನು ಈ ಕ್ಲಿನಿಕ್‌ಗಳ ಮೇಲೆ ಬಳಸಲಿ.