ಕೊಡುವವರಿಲ್ಲದ ‘ನೀಡಲಾಗುವುದು’

ಜನವರಿ ಬಂತೆಂದರೆ ‘ಕೇಂದ್ರ ಬಜೆಟ್: ರಾಜ್ಯದ ನಿರೀಕ್ಷೆಗಳು’ ಎಂಬ ಪಟ್ಟಿಗಳು ಶುರುವಾಗುತ್ತವೆ. ಯಾವ ರೈಲು ಮಾರ್ಗ, ಯಾವ ಏಮ್ಸ್, ಯಾವ ವರ್ತುಲ ರಸ್ತೆಗೆ ಈ ಸಲ ದೆಹಲಿ ಕಣ್ಣು ತೆರೆದೀತು ಎಂಬ ಲೆಕ್ಕಾಚಾರ. ಅದರಲ್ಲಿ ತಪ್ಪೇನಿಲ್ಲ. ರೇಗುವುದು, ಆ ಪಟ್ಟಿಯೊಳಗೆ ಭದ್ರಾ ಮೇಲ್ದಂಡೆ ಯೋಜನೆಯ ಹೆಸರನ್ನೂ ಸೇರಿಸಿದ್ದು ಕಂಡಾಗ. ನಿರೀಕ್ಷೆ ಇರುವುದು ಇನ್ನೂ ಆಡದ ಮಾತಿನ ಬಗ್ಗೆ. ಸಂಸತ್ತಿನಲ್ಲಿ ಎದ್ದು ನಿಂತು ಹೇಳಿ 2026ರ ಫೆಬ್ರವರಿ 1ಕ್ಕೆ ಮೂರು ವರ್ಷ ತುಂಬುವ ಮಾತು ನಿರೀಕ್ಷೆ ಹೇಗಾಗುತ್ತದೆ? ಅದಕ್ಕೆ ಬಾಕಿ ಎನ್ನುತ್ತಾರೆ. ಬಾಕಿ ಉಳಿಸಿಕೊಂಡವನ ಮನೆ ಬಾಗಿಲಿಗೆ ಹೋಗಿ ‘ದೊಡ್ಡ ಮನಸ್ಸು ಮಾಡಿ’ ಎಂದು ಕೈಮುಗಿಯುವ ಅಭ್ಯಾಸ ನಮಗೆ ಯಾವಾಗ ಹತ್ತಿತೋ.

ನಡೆದದ್ದನ್ನು ಓದುಗರು ಬಲ್ಲರು. 2023ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕರ್ನಾಟಕದ ಬರಪೀಡಿತ ಮಧ್ಯಭಾಗದ ಹೆಸರು ಹೇಳಿ, ಸೂಕ್ಷ್ಮ ನೀರಾವರಿಗೆ ಮತ್ತು ಕುಡಿಯುವ ನೀರಿನ ಕೆರೆಗಳನ್ನು ತುಂಬಿಸಲು ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಕೇಂದ್ರ ನೆರವು ಘೋಷಿಸಿದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಧನ್ಯವಾದ ಹೇಳಿದರು. ಮೂರು ತಿಂಗಳು ಕಳೆದು, ಮೇ 10ಕ್ಕೆ ವಿಧಾನಸಭೆ ಚುನಾವಣೆಯ ಮತದಾನ ನಡೆಯಿತು. ಆಮೇಲೆ 2024ರ ಫೆಬ್ರವರಿಯಲ್ಲಿ ಮಧ್ಯಂತರ ಬಜೆಟ್ ಬಂತು, ಜುಲೈಯಲ್ಲಿ ಪೂರ್ಣ ಬಜೆಟ್ ಬಂತು, 2025ರ ಫೆಬ್ರವರಿಯಲ್ಲಿ ಇನ್ನೊಂದು ಬಂತು. 5,300 ಕೋಟಿ ಮಾತ್ರ ಬರಲಿಲ್ಲ.

ಈ ಅಂಕಣಕ್ಕೆ ಒಂದು ಹಳೆಯ ಜಗಳವಿದೆ, ಅದು ‘ಲಾಗುವುದು’ ಎಂಬ ಪ್ರತ್ಯಯದ ಜತೆಗಿನದು. ಸಚಿವೆಯ ಆ ಇಂಗ್ಲಿಷ್ ವಾಕ್ಯ ಕನ್ನಡಕ್ಕೆ ಬಂದಾಗ ‘ನೆರವು ನೀಡಲಾಗುವುದು’ ಎಂದಾಯಿತು. ನಮ್ಮ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಇಲ್ಲವೆನ್ನುವಷ್ಟು ಕಡಿಮೆ. ಸಹಕಾರ ಸಂಘದ ಕಾರ್ಯದರ್ಶಿಯ ಮುಂದೆ ನಿಂತ ರೈತ ‘ಸಾಲ ತೀರಿಸಲಾಗುವುದು’ ಎಂದರೆ ಅವನಿಗೆ ಬಿಸಿಲು ತಲೆಗೇರಿದೆ ಎಂದುಕೊಳ್ಳುತ್ತಾರೆ. ಅವನು ‘ಕೊಬ್ಬರಿ ಮಾರಿದ ಮೇಲೆ ಕಟ್ತೀನಿ ಸ್ವಾಮಿ’ ಎನ್ನುತ್ತಾನೆ. ಕಟ್ಟುವವನು ಯಾರು, ದುಡ್ಡು ಎಲ್ಲಿಂದ, ಯಾವಾಗ, ಎಲ್ಲವೂ ಆ ಐದು ಪದದಲ್ಲಿವೆ. ‘ನೀಡಲಾಗುವುದು’ ಎಂಬ ಸರ್ಕಾರಿ ಕನ್ನಡದಲ್ಲಿ ಈ ಮೂರಕ್ಕೂ ಜಾಗವಿಲ್ಲ. ಹಳೆಯ ವ್ಯಾಕರಣದ ‘ಅಲ್ಪಡು’ ರೂಪದಲ್ಲಿ ಕೊನೆಪಕ್ಷ ‘ರಾಮನಿಂದ’ ಎಂದು ಕರ್ತೃವಿಗೊಂದು ಮೂಲೆ ಸಿಗುತ್ತಿತ್ತು. ‘ಲಾಗುವುದು’ ಬಂದು ಅವನನ್ನು ಮನೆಯಿಂದಲೇ ಹೊರಗೆ ಹಾಕಿತು. ಇದು ಭಾಷೆಯ ಕೊಂಕು ಅಷ್ಟೇ, ರಾಜಕೀಯಕ್ಕೆ ಇದರಿಂದ ಏನು ಎಂದು ಮೂಗು ಮುರಿಯುವವರಿಗೆ ಅದೇ ಸಚಿವೆ ಆಡಿದ ಇನ್ನೊಂದು ವಾಕ್ಯವನ್ನು ತೋರಿಸಬೇಕು.

2024ರ ಜುಲೈ ಬಜೆಟ್‌ನಲ್ಲಿ ಆಂಧ್ರಪ್ರದೇಶದ ರಾಜಧಾನಿ ಅಮರಾವತಿಗೆ 15,000 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಮಾತಿನ ಕಟ್ಟಡವನ್ನು ಗಮನಿಸಿ. ಹಣ ಬರುವುದು ಬಹುಪಕ್ಷೀಯ ಸಂಸ್ಥೆಗಳ ಮೂಲಕ, ಇದೇ ಹಣಕಾಸು ವರ್ಷದಲ್ಲಿ ಎಂದು ದಾರಿಯನ್ನೂ ಗಡುವನ್ನೂ ಅದರಲ್ಲೇ ಹೇಳಲಾಗಿತ್ತು. (ನೋಡಿ, ‘ಹೇಳಲಾಗಿತ್ತು’ ನನಗೂ ಅಂಟಿಕೊಂಡಿದೆ!) ಆರು ತಿಂಗಳು ತುಂಬುವುದರೊಳಗೆ, ಅದೇ ಡಿಸೆಂಬರಿನಲ್ಲಿ, ವಿಶ್ವಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಅಮರಾವತಿಯ ಸಾಲಕ್ಕೆ ಒಪ್ಪಿಗೆ ಕೊಟ್ಟವು. ಹೇಳಿದವರು ಅವರೇ, ಖಾತೆಯೂ ಅದೇ, ಸದನವೂ ಅದೇ. ಬೇರೆಯಾಗಿದ್ದದ್ದು ವಾಕ್ಯ ಮತ್ತು ಆ ವಾಕ್ಯವನ್ನು ಹಾಗೇ ಬರೆಸಿಕೊಂಡವರ ಬಲ. ತೆಲುಗುದೇಶಂನ 16 ಸಂಸದರಿಲ್ಲದೆ ಆ ಸರ್ಕಾರಕ್ಕೆ ನಡಿಗೆ ಕಷ್ಟವಿತ್ತು. ಕರ್ನಾಟಕ 2019ರಲ್ಲಿ ಬಿಜೆಪಿಯ 25 ಸಂಸದರನ್ನು ಕಳಿಸಿತ್ತು, ಆಗ ಆ ಪಕ್ಷಕ್ಕೆ ಸ್ವಂತ ಬಹುಮತ ಧಾರಾಳವಾಗಿತ್ತು. ಹಂಗಿಲ್ಲದ ಕಡೆ ಕರ್ಮಣಿ ಪ್ರಯೋಗ, ಹಂಗಿದ್ದ ಕಡೆ ಗಡುವು ಸಮೇತ ಮಾತು.

ಇದಕ್ಕೆ ಕೇಂದ್ರದ ಪರವಾಗಿ ನಿಲ್ಲುವವರು ಹೇಳುವ ಮಾತು ಒಂದಿದೆ. ನೀರಾವರಿ ನೆರವೆಂದರೆ ಚೆಕ್ಕು ಹರಿದು ಕೊಡುವುದಲ್ಲ, ಅದಕ್ಕೆ ಮಾರ್ಗಸೂಚಿಗಳಿವೆ, ರಾಜ್ಯ ಕೇಳಿದ ದಾಖಲೆ ಕೊಡಬೇಕು, ಸ್ಪಷ್ಟನೆ ಕೊಡಬೇಕು, ಆಂಧ್ರ–ತೆಲಂಗಾಣಗಳ ತಕರಾರು ಬೇರೆ ಇದೆ ಎಂದು. ಮಾತು ಸುಳ್ಳಲ್ಲ. ಆದರೆ ತಾರೀಕುಗಳನ್ನು ಪಕ್ಕದಲ್ಲಿಟ್ಟು ನೋಡಿ. ಜಲಶಕ್ತಿ ಸಚಿವಾಲಯದ ಸಲಹಾ ಸಮಿತಿ 2020ರ ಡಿಸೆಂಬರಿನಲ್ಲೇ ಯೋಜನೆಯನ್ನು 16,125 ಕೋಟಿ ರೂಪಾಯಿ ಅಂದಾಜಿಗೆ ಒಪ್ಪಿತ್ತು. 2022ರ ಫೆಬ್ರವರಿಯಲ್ಲಿ ಉನ್ನತಾಧಿಕಾರ ಸಮಿತಿ ಇದನ್ನು ರಾಷ್ಟ್ರೀಯ ಯೋಜನೆಯಾಗಿಸಬಹುದೆಂದು ಶಿಫಾರಸು ಮಾಡಿತ್ತು. ಭಾಷಣ ಬಂದದ್ದು ಇವೆರಡರ ನಂತರ. ತಾಂತ್ರಿಕ ಪರಿಶೀಲನೆ ಮುಗಿದಿದ್ದರೆ ಹಣ ಏಕೆ ಬರಲಿಲ್ಲ? ಮುಗಿದಿರದಿದ್ದರೆ ಅಂಕಿ ಸಮೇತ ಘೋಷಣೆ ಏಕೆ ಬಂತು? ನೆರೆ ರಾಜ್ಯಗಳ ತಕರಾರೂ ಫೆಬ್ರವರಿ 2ರಂದು ಹುಟ್ಟಿದ ಕೂಸಲ್ಲ, ಕೃಷ್ಣಾ ಕೊಳ್ಳದಲ್ಲಿ ಯಾರು ಗುದ್ದಲಿ ಹಿಡಿದರೂ ಕೆಳಗಿನವರು ಆಕ್ಷೇಪ ಎತ್ತುವುದು ದೆಹಲಿಯ ಗುಮಾಸ್ತನಿಗೂ ಗೊತ್ತು. ಮದುವೆಗೆ ಓಲಗ ಊದಿಸಿದ ಮೇಲೆ ಜಾತಕ ಕೂಡಿ ಬಂದಿಲ್ಲ ಎನ್ನುವವರ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಏನು ಹೇಳುತ್ತಾರೋ ಅದನ್ನೇ ಇಲ್ಲೂ ಹೇಳಬೇಕಾಗುತ್ತದೆ.

ರಾಜ್ಯ ಸರ್ಕಾರದವರು ಇಲ್ಲಿಯವರೆಗೆ ಓದಿ ಖುಷಿಪಡುತ್ತಿದ್ದರೆ ಸ್ವಲ್ಪ ತಡೆಯಬೇಕು. ಭದ್ರಾ ಮೇಲ್ದಂಡೆಯ ಅಂದಾಜು 2008ರಲ್ಲಿ 5,985 ಕೋಟಿ ರೂಪಾಯಿ. ಅದು 12,340 ಕೋಟಿಗೆ ಏರಿತು, 2020ರಲ್ಲಿ 21,473 ಕೋಟಿ ಮುಟ್ಟಿತು. ಈ ಅವಧಿಯಲ್ಲಿ ಬೆಂಗಳೂರಿನಲ್ಲಿ ಮೂರೂ ಪಕ್ಷಗಳು ಅಧಿಕಾರ ಅನುಭವಿಸಿವೆ. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ 29.90 ಟಿಎಂಸಿಯನ್ನು ಅಜ್ಜಂಪುರದ ಸುರಂಗ ದಾಟಿಸಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ, 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಯೋಜನೆ ಇದು. ಇಷ್ಟು ದೊಡ್ಡ ಕಾಮಗಾರಿ ವರ್ಷಗಟ್ಟಲೆ ಎಲ್ಲಿ ಸಿಕ್ಕಿಕೊಂಡಿತ್ತು ಗೊತ್ತೆ? ಅಬ್ಬಿನಹೊಳಲು ಗ್ರಾಮದ ಬಳಿ, ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಕಾಲುವೆ ತುಂಡಿನಲ್ಲಿ. ಜಮೀನು ಕಳೆದುಕೊಳ್ಳುವ ರೈತರು ನ್ಯಾಯವಾದ ಪರಿಹಾರ ಕೇಳಿದರು, ಅದನ್ನು ಕೂತು ಬಗೆಹರಿಸಲು ದೆಹಲಿಯ ಅನುಮತಿಯೇನೂ ಬೇಕಿರಲಿಲ್ಲ. ಚಳ್ಳಕೆರೆ, ಜಗಳೂರಿನ ಕಡೆ ಕಾಲುವೆಯ ಕನಸು ಕಾಣುತ್ತ ಕುಳಿತವರಿಗೆ ಹೇಳಿದ್ದು ಇಲ್ಲೂ ಅದೇ: ‘ಶೀಘ್ರ ಪೂರ್ಣಗೊಳಿಸಲಾಗುವುದು.’ ಇನ್ನು ಕೃಷ್ಣಾ ಮೇಲ್ದಂಡೆಯ ಮೂರನೇ ಹಂತ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲು ಒಪ್ಪಿದ್ದು 2010ರ ಡಿಸೆಂಬರ್ 30ರಂದು. ತೀರ್ಪಿನ ಅಧಿಸೂಚನೆ ಹೊರಡದ ಹೊಣೆ ರಾಜ್ಯದ್ದಲ್ಲ, ಸರಿ. ಮುಳುಗುವ ಜಮೀನಿಗೆ ದರ ನಿಗದಿ ಮಾಡಲು ಯಾರು ಅಡ್ಡ ಬಂದಿದ್ದರು? ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ನಡುವಿನ ಹದಿನಾಲ್ಕೂ ಚಿಲ್ಲರೆ ವರ್ಷ ಪ್ರತಿ ಬಜೆಟ್ಟಿನಲ್ಲೂ ‘ಆದ್ಯತೆ ನೀಡಲಾಗುವುದು’ ಧಾಟಿಯೇ ನಡೆಯಿತು.

ರಾಜಕಾರಣಿಗಳೆಲ್ಲ ಒಂದೇ, ಮಾತು ಉಳಿಸಿಕೊಳ್ಳುವುದು ಅವರ ಜಾಯಮಾನವಲ್ಲ ಎಂದು ಕೈತೊಳೆದುಕೊಳ್ಳುವವರ ವಾದ ನನಗೆ ಒಪ್ಪಿಗೆಯಿಲ್ಲ. ಅದು ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ. ರಾಜ್ಯ ಸರ್ಕಾರದ ಗ್ಯಾರಂಟಿಗಳನ್ನು ನೋಡಿ. ಅವುಗಳಿಂದ ಬೊಕ್ಕಸಕ್ಕೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದು ಬೇರೆ ವಾರದ ವಿಷಯ. ಅವು ಜಾರಿಯಾದವು ಎಂಬುದು ಮಾತ್ರ ಸತ್ಯ. 2023ರ ಜೂನ್ 11ಕ್ಕೆ ಹೆಣ್ಣುಮಕ್ಕಳು ಟಿಕೆಟ್ ಇಲ್ಲದೆ ಕೆಂಪು ಬಸ್ ಹತ್ತಿದರು, ಆಗಸ್ಟ್ 30ಕ್ಕೆ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಅದೇ ರಾಜಕಾರಣಿಗಳು, ಅದೇ ಅಧಿಕಾರಿಗಳು. ಆದರೆ ಆ ಮಾತು ತಿಂಗಳಿಗೆ ಎರಡು ಸಾವಿರ, ಇನ್ನೂರು ಯೂನಿಟ್, ತಲೆಗೆ ಹತ್ತು ಕೆಜಿ ಎಂದು ಬೆರಳು ಮಡಚಿ ಎಣಿಸುವ ಹಾಗಿತ್ತು. ಅಡುಗೆಮನೆಯಲ್ಲಿ ಕೂತೇ ಲೆಕ್ಕ ಹಾಕಬಹುದಾದ ಮಾತನ್ನು ನುಂಗುವುದು ಕಷ್ಟ. ನುಂಗಲು ಹೋದರೆ ಏನಾಗುತ್ತದೆಂಬುದನ್ನು ಬೆಳಗಾವಿ ಅಧಿವೇಶನದಲ್ಲಿ ಕಂಡೆವು. ಗೃಹಲಕ್ಷ್ಮಿಯ 2025ರ ಫೆಬ್ರವರಿ ಮತ್ತು ಮಾರ್ಚ್ ಕಂತು ಹೋಗಿಲ್ಲವೆಂದು ಸಚಿವೆ ಲಕ್ಷ್ಮಿ ಹೆಬ್ಬಾಳ್ಕರ್ ಸದನದಲ್ಲಿ ಒಪ್ಪಿಕೊಳ್ಳಬೇಕಾಯಿತು. ಎರಡು ತಿಂಗಳ ಬಾಕಿಗೆ ಸಚಿವರೊಬ್ಬರು ಸದನದಲ್ಲಿ ತಲೆತಗ್ಗಿಸುತ್ತಾರೆ. ಮೂರು ವರ್ಷದ ಬಾಕಿಗೆ ಯಾರೂ ಕೆಮ್ಮುವುದೂ ಇಲ್ಲ. ವ್ಯತ್ಯಾಸ ಇರುವುದು ನಾಯಕರ ಶೀಲದಲ್ಲಲ್ಲ, ಮಾತಿನ ಅಳತೆಯಲ್ಲಿ.

ಇನ್ನೊಂದು ಆಕ್ಷೇಪವಿದೆ, ಅದು ಜಾಣರದು. ಚಿತ್ರದುರ್ಗದ ಜನ ಆ ಘೋಷಣೆಯನ್ನು ನಂಬಲೇ ಇಲ್ಲವಲ್ಲ, ಜಿಲ್ಲೆಯ ಆರು ಸ್ಥಾನಗಳಲ್ಲಿ ಬಿಜೆಪಿಗೆ ದಕ್ಕಿದ್ದು ಹೊಳಲ್ಕೆರೆ ಒಂದೇ, ಮೋಸ ಹೋಗದವರಿಗೆ ಮೋಸವೆಲ್ಲಿ ಆಯಿತು ಎಂದು. ವೋಟಿನ ಲೆಕ್ಕದಲ್ಲಿ ಇದು ಸರಿಯಿರಬಹುದು. ಆದರೆ ಘೋಷಣೆಯ ಖರ್ಚು ಬೀಳುವುದು ಮತಪೆಟ್ಟಿಗೆಯ ಮೇಲಲ್ಲ. 21,473 ಕೋಟಿಯ ಕೆಲಸಕ್ಕೆ ಕಾಲುಭಾಗ ದೆಹಲಿಯಿಂದ ಬರುತ್ತದೆಂದು ಹೇಳಿದ ದಿನದಿಂದ ರಾಜ್ಯಕ್ಕೊಂದು ನೆಪ ಸಿಕ್ಕಿತು. ಕೆಲಸ ಕುಂಟಿದಾಗಲೆಲ್ಲ 5,300 ಕೋಟಿಯತ್ತ ಕೈ ತೋರಿಸಿದರಾಯಿತು. 2024ರ ಫೆಬ್ರವರಿ 7ರಂದು ಜಂತರ್‌ಮಂತರ್‌ನಲ್ಲಿ ರಾಜ್ಯದ ಸಂಪುಟವೇ ಧರಣಿ ಕೂತಾಗಲೂ ಇದು ಪಟ್ಟಿಯಲ್ಲಿತ್ತು. ಬಾರದ ಹಣ ಇಬ್ಬರಿಗೂ ಅನುಕೂಲ ಮಾಡಿತು: ಒಬ್ಬರಿಗೆ ಹೇಳಿಕೊಳ್ಳಲು, ಇನ್ನೊಬ್ಬರಿಗೆ ದೂರಿಕೊಳ್ಳಲು. ಬೆಲೆ ತೆತ್ತದ್ದು ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸುತ್ತಿರುವ ಮೊಳಕಾಲ್ಮುರು, ಶಿರಾ ಸೀಮೆಯವರು.

ವಾಣಿವಿಲಾಸ ಸಾಗರ ತುಂಬಿತಲ್ಲ ಎನ್ನುವವರೂ ಇದ್ದಾರೆ. ತುಂಬಿತು. 1933ರ ನಂತರ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿತ್ತು, ಬಾಗಿನವೂ ಅರ್ಪಣೆಯಾಯಿತು. ಅದರಲ್ಲಿ ಭದ್ರೆಯ ಪಾಲೂ ಇದೆ, ಒಳ್ಳೆಯ ಮಳೆಯ ಪಾಲೂ ಇದೆ, ದೆಹಲಿಯ 5,300 ಕೋಟಿಯ ಪಾಲಿಲ್ಲ. ಮಾರಿಕಣಿವೆಯ ಆ ಅಣೆಕಟ್ಟೆಯ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಈ ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂಬುದೂ ಗೊತ್ತು. ಅರಸೊತ್ತಿಗೆಯಲ್ಲಿ ಮುಳುಗಡೆಯವರ ಮಾತು ಕೇಳುವವರಿರಲಿಲ್ಲ, ಪರಿಸರದ ಕಾಯ್ದೆಗಳಿರಲಿಲ್ಲ. ಇಷ್ಟು ರಿಯಾಯಿತಿ ಕೊಟ್ಟ ಮೇಲೂ, ಕಲ್ಲು–ಗಾರೆಯ ಕಾಲದಲ್ಲಿ ಒಂಬತ್ತು ವರ್ಷಕ್ಕೆ ಕಟ್ಟೆ ನಿಂತ ಕಣಿವೆಗೆ ಈಗ ಮೂರು ವರ್ಷದಲ್ಲಿ ಒಂದು ಕಡತ ದಾಟುವುದಿಲ್ಲ ಎನ್ನುವುದು ಉಳಿಯುತ್ತದೆ.

ಹಾಗಾಗಿ ಬಜೆಟ್ ದಿನ ಟಿ.ವಿ. ಮುಂದೆ ಕೂತು ಕರ್ನಾಟಕದ ಹೆಸರು ಎಷ್ಟು ಸಲ ಬಂತೆಂದು ಎಣಿಸುವ ಬದಲು, ಬಂದ ವಾಕ್ಯದಲ್ಲಿ ತಾರೀಕಿದೆಯೇ, ಯಾವ ಬಾಬಿನಿಂದ ಹಣ ಎಂದಿದೆಯೇ ನೋಡಿ. ಇಲ್ಲದಿದ್ದರೆ ಅಂದೇ ಸಂಜೆ ನಿಮ್ಮ ಸಂಸದರಿಗೆ ಕೇಳಿ. ಕೇಳಲು ವಿಳಾಸಗಳಿಗೇನೂ ಕೊರತೆಯಿಲ್ಲ. ಘೋಷಣೆಯ ದಿನ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿ ಈಗ ಹಾವೇರಿಯ ಸಂಸದರು. ಆಗ ಜಲಸಂಪನ್ಮೂಲ ಸಚಿವರಾಗಿದ್ದ ಗೋವಿಂದ ಕಾರಜೋಳ ಈಗ ಚಿತ್ರದುರ್ಗದ್ದೇ ಸಂಸದರು. ತುಮಕೂರಿನ ಸಂಸದ ವಿ. ಸೋಮಣ್ಣ ಕೇಂದ್ರದಲ್ಲಿ ಜಲಶಕ್ತಿ ಖಾತೆಯ ರಾಜ್ಯ ಸಚಿವರು. ಆ ‘ನೀಡಲಾಗುವುದು’ ಓದಿದ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ಪ್ರತಿನಿಧಿಸುವುದೂ ಕರ್ನಾಟಕವನ್ನೇ. ಅವರ ಅವಧಿ 2028ರವರೆಗೆ ಇದೆ.