ಐವತ್ನಾಲ್ಕು ಸಾವಿರ ಜನ, ಹತ್ತು ತಂಡ

ಫುಟ್ಬಾಲ್ ಅಂದ್ರೆ ನಮಗೆ ಗೊತ್ತಿರೋದು ಮೂರ್ನಾಲ್ಕು ಲೀಗು. ಇಂಗ್ಲೆಂಡು, ಸ್ಪೇನು, ಹೆಚ್ಚೆಂದರೆ ಇಟಲಿ, ಜರ್ಮನಿ. ಹಾಸ್ಟೆಲ್‌ನಲ್ಲಿ ಮಧ್ಯರಾತ್ರಿವರೆಗೂ ಜಗಳ ನಡೆಯೋದು ಇವುಗಳ ಮೇಲೇ. ಆದರೆ ಒಂದು ಲೀಗ್ ಯಾತಕ್ಕಾಗಿ ಇರುತ್ತೆ ಅಂತ ತಿಳ್ಕೋಬೇಕಾದರೆ ಫೆರೋ ದ್ವೀಪಗಳ 2023ರ ಸೀಸನ್ ನೋಡಬೇಕು ಅನ್ನೋದು ನಮ್ಮ ವಾದ.

ಮೊದಲು ಲೆಕ್ಕ. ಉತ್ತರ ಅಟ್ಲಾಂಟಿಕ್‌ನಲ್ಲಿ 18 ದ್ವೀಪ, ಸುಮಾರು 54 ಸಾವಿರ ಜನ. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಡೆನ್ಮಾರ್ಕಿನ ಅಡಿಯಲ್ಲಿದ್ದರೂ ತಮ್ಮದೇ ಆಡಳಿತ, ತಮ್ಮದೇ ಫುಟ್ಬಾಲ್ ತಂಡ. ಅಗ್ರ ಲೀಗಿನಲ್ಲಿ 10 ತಂಡ. ಒಬ್ಬೊಬ್ಬರ ಮೇಲೆ ಮೂರು ಸಲ ಆಡಿ ಒಟ್ಟು 27 ಸುತ್ತು. ಚಳಿಗಾಲದ ಬಿರುಗಾಳಿಗೆ ಸಿಗಬಾರದು ಅಂತ ವಸಂತದಿಂದ ಶರತ್ಕಾಲದವರೆಗೆ ಆಟ, ಅದೂ ಕೃತಕ ಹುಲ್ಲಿನ ಮೇಲೆ. ಎಷ್ಟೋ ಆಟಗಾರರಿಗೆ ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರ್ತಾರೆ. 1942ರಲ್ಲಿ ಶುರುವಾದ ಈ ಲೀಗು 1944ರಲ್ಲಿ ನಿಂತಿತ್ತು. ಕಾರಣ, ಯುದ್ಧಕಾಲದಲ್ಲಿ ಚೆಂಡೇ ಸಿಗಲಿಲ್ಲ!

ಇಂಥ ಲೀಗಿನ ಕೆಐ ಕ್ಲಾಕ್ಸ್‌ವೀಕ್ ಎಂಬ ತಂಡ 2023ರ ಜುಲೈನಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿಗೆ ಹೋಯಿತು. ಊರಿನ ಜನಸಂಖ್ಯೆ ಐದು ಸಾವಿರದ ಆಸುಪಾಸು. ಎದುರಿಗೆ ಹಂಗೇರಿಯ ಚಾಂಪಿಯನ್ ಫೆರೆನ್ಸ್‌ವಾರೋಷ್. ತವರಲ್ಲಿ 0-0. ಬುಡಾಪೆಸ್ಟ್‌ಗೆ ಹೋಗಿ 3-0 ಗೆಲುವು. ಆ ಸೋಲಿನ ಬೆನ್ನಿಗೇ ಹಂಗೇರಿ ತಂಡದ ಕೋಚ್ ಚೆರ್ಚೆಸೊವ್ ಕೆಲಸ ಕಳ್ಕೊಂಡರು. ಮುಂದೆ ಸ್ವೀಡನ್ ಚಾಂಪಿಯನ್ ಹೆಕ್ಕನ್ ಪೆನಾಲ್ಟಿಯಲ್ಲಿ ಬಿತ್ತು. ನಾರ್ವೆಯ ಮೋಲ್ಡೆ ಎದುರು ತವರಲ್ಲಿ 2-1 ಗೆದ್ದರೂ, ಅಲ್ಲಿ ಹೆಚ್ಚುವರಿ ಸಮಯದಲ್ಲಿ ದಾರಿ ಮುಚ್ಚಿತು. ಕೊನೆಗೆ ಕಾನ್ಫರೆನ್ಸ್ ಲೀಗ್ ಗುಂಪಿನಲ್ಲಿ ಜಾಗ. ಯುರೋಪಿನ ಗುಂಪು ಹಂತ ತಲುಪಿದ ಮೊದಲ ಫೆರೋ ಕ್ಲಬ್ ಇದು. ಅಲ್ಲಿ ಫ್ರಾನ್ಸಿನ ಲೀಲ್ ಜೊತೆ 0-0, ಸ್ಲೊವೇನಿಯಾದ ಒಲಿಂಪಿಯಾ ಮೇಲೆ 3-0. ನಾಲ್ಕು ಅಂಕ, ಕೊನೇ ಸ್ಥಾನ. ಆದರೂ ತಲೆ ತಗ್ಗಿಸುವಂಥದ್ದೇನೂ ಇರಲಿಲ್ಲ. ತವರು ಲೀಗನ್ನೂ ಅದೇ ವರ್ಷ ಗೆದ್ದರು.

ಇದನ್ನು ಪವಾಡ ಅನ್ನೋರ ಮಾತು ನಾವು ಒಪ್ಪಲ್ಲ. ಪವಾಡ ಅಂದುಬಿಟ್ಟರೆ ಅದರ ಹಿಂದಿನ ಕೆಲಸ ಕಾಣೋದಿಲ್ಲ. 1990ರಲ್ಲಿ ಫೆರೋ ತನ್ನ ಮೊದಲ ಯುರೋ ಅರ್ಹತಾ ಪಂದ್ಯದಲ್ಲಿ ಆಸ್ಟ್ರಿಯಾವನ್ನು 1-0ರಿಂದ ಸೋಲಿಸಿದಾಗ, ತಮ್ಮಲ್ಲಿ ಹುಲ್ಲಿನ ಮೈದಾನ ಇಲ್ಲದೆ ಸ್ವೀಡನ್‌ನ ಲ್ಯಾಂಡ್ಸ್‌ಕ್ರೂನಾದಲ್ಲಿ ಆಡಬೇಕಾಯ್ತು. ಆಮೇಲೆ ಊರೂರಲ್ಲಿ ಮೈದಾನ ಎದ್ದವು. ನಮ್ಮ ಸಿವಿಲ್ ಬ್ರಾಂಚಿನವರು ಗಮನಿಸಬೇಕು: ದ್ವೀಪಗಳನ್ನು ಸಮುದ್ರದಡಿಯ ಸುರಂಗಗಳು ಜೋಡಿಸಿವೆ. ಕ್ಲಾಕ್ಸ್‌ವೀಕ್‌ಗೆ 2006ರಲ್ಲಿ ಸುರಂಗ ಬಂತು. 2020ರಲ್ಲಿ ತೆರೆದ ಇನ್ನೊಂದರೊಳಗೆ ವಾಹನಗಳಿಗೆ ವೃತ್ತವೇ ಇದೆ. ದೋಣಿಗೆ ಕಾಯದೆ ಎದುರಾಳಿಯ ಊರಿಗೆ ಹೋಗಿ ಬರಬಹುದು ಅಂದ್ರೆ ಲೀಗಿಗೆ ಅದು ಸಣ್ಣ ಲಾಭವಲ್ಲ.

ಒಂದು ಆತಂಕವೂ ಇದೆ. ಯುರೋಪಿನಿಂದ ಬರುವ ಹಣ ಒಂದೇ ಕ್ಲಬ್ಬಿಗೆ ಹೋದರೆ ಸಣ್ಣ ಲೀಗು ಸತ್ತೇ ಹೋಗಬಹುದು. ಬೆಲಾರೂಸ್‌ನಲ್ಲಿ ಬಾಟೆ ಬೊರಿಸೊವ್ 2006ರಿಂದ 2018ರವರೆಗೆ ಸತತ 13 ಸಲ ಗೆದ್ದಿದೆ. ಯಾರು ಗೆಲ್ಲೋದು ಅಂತ ಮೊದಲೇ ಗೊತ್ತಿದ್ದರೆ ಮಳೆಯಲ್ಲಿ ನಿಂತು ನೋಡೋರು ಯಾರು? ಫೆರೋದಲ್ಲಿ ಮರುವರ್ಷ, 2024ರಲ್ಲಿ, ವೀಕಿಂಗುರ್ ಕಪ್ ಎತ್ತಿತು. ನಮ್ಮ ದೃಷ್ಟಿಯಲ್ಲಿ ಬುಡಾಪೆಸ್ಟ್ ಗೆಲುವಿಗಿಂತ ದೊಡ್ಡ ಸುದ್ದಿ ಇದೇ. ಒಬ್ಬರು ಅಷ್ಟು ಮೇಲೇರಿದರೂ ಉಳಿದವರಿಗೆ ಅವರನ್ನು ಹಿಂದಿಕ್ಕಲು ಆಯಿತು. ಲೀಗು ಬದುಕಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ನಾವು ಮಾತೆತ್ತಿದರೆ "140 ಕೋಟಿ ಜನರಲ್ಲಿ ಹನ್ನೊಂದು ಜನ ಸಿಗಲ್ವಾ?" ಅಂತೀವಿ. ಆ ಪ್ರಶ್ನೆಯ ಛೇದವೇ ತಪ್ಪು. ಎಣಿಸಬೇಕಾದ್ದು ದೇಶದಲ್ಲಿ ಇರುವವರನ್ನಲ್ಲ, ಪ್ರತಿ ವಾರ ತಪ್ಪದೆ ಪಂದ್ಯ ಆಡುವವರನ್ನು. ಇನ್ನು ಮುಂದೆ ಆ ಪ್ರಶ್ನೆ ಕೇಳುವ ಮೊದಲು, ನಮ್ಮೂರಲ್ಲಿ ವರ್ಷಕ್ಕೆ 27 ಸುತ್ತು ಎಲ್ಲಿ ನಡೀತಿದೆ ಅಂತ ಕೇಳಿಕೊಳ್ಳೋಣ.